ಕಂಬಳಿ ಚೀಲದ ಶಾಲೆ

ಕೊಲ್ಲಿ ದೇಶಗಳಿಂದ ಬರುವ ಕಂಬಳಿಗಳನ್ನು ನೀವು ನೋಡಿಯೇ ಇರುತ್ತೀರಿ. ಒಂದರ ಮೇಲೆ ಹುಲಿ ಮಲಗಿರುತ್ತದೆ, ಇನ್ನೊಂದರ ಮೇಲೆ ತೆಂಗಿನಕಾಯಿಯಷ್ಟು ದಪ್ಪದ ಗುಲಾಬಿಗಳು ಅರಳಿರುತ್ತವೆ. ನಮ್ಮ ಕಾಸರಗೋಡಿನ ಸೆಕೆಯಲ್ಲಿ ಅದನ್ನು ಹೊದ್ದು ಮಲಗಿದವರು ಬೆಳಿಗ್ಗೆ ಬೆಂದು ಏಳಬೇಕಷ್ಟೆ. ಆದರೂ ರಜೆಗೆ ಊರಿಗೆ ಬರುವವರು ಅದನ್ನು ತಾರದೆ ಇರುವುದಿಲ್ಲ, ಪಡೆದವರು ಅದನ್ನು ಕಪಾಟಿನ ಮೇಲಿಂದ ಕೆಳಗಿಳಿಸುವುದಿಲ್ಲ. ನನಗೆ ಆ ಕಂಬಳಿಯ ಮೇಲೆ ಯಾವತ್ತೂ ಆಸೆ ಇರಲಿಲ್ಲ. ನನ್ನ ಕಣ್ಣೆಲ್ಲ ಅದರ ಚೀಲದ ಮೇಲೆ. ಗಾಜಿನ ಹಾಗೆ ತಿಳಿಯಾದ, ಎಳೆದರೆ ಹರಿಯದ ದಪ್ಪ ಪ್ಲಾಸ್ಟಿಕ್ಕು, ಸುತ್ತ ಒಂದು ಝಿಪ್ಪು, ಮೇಲೊಂದು ಹಿಡಿ. ಇಷ್ಟು ಒಳ್ಳೆಯ ವಸ್ತುವನ್ನು ಒಳಗಿನ ಹುಲಿಗೋಸ್ಕರ ಮಾಡಿದ್ದಾರೆ ಎಂದು ನಂಬಲು ನನಗೆ ಇವತ್ತಿಗೂ ಕಷ್ಟ.

ಮೊನ್ನೆ ಪಕ್ಕದ ಮನೆಯ ಆಯಿಷಾ ಅಂಥದ್ದೊಂದು ಚೀಲವನ್ನು ಸ್ನಾನದ ನೀರಿನ ಒಲೆಗೆ ತುರುಕಲು ಹೊರಟಿದ್ದಳು. ನಾನು ಗೋಡೆಯ ಈಚೆಯಿಂದಲೇ ಬೊಬ್ಬೆ ಹಾಕಿದೆ. ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದು ಅವಳು ಓಡಿಬಂದಳು. ವಿಷಯ ಚೀಲ ಎಂದು ತಿಳಿದ ಮೇಲೆ ಅದನ್ನು ನನ್ನ ಕೈಗೆ ಕೊಟ್ಟು, “ನಿಮಗೆ ಎಂತ ಆಗಿದೆ ಲೀನಾ ಬಾಯಿ, ಇದರಲ್ಲಿ ಎಂತ ಉಂಟು?” ಎಂದು ನಕ್ಕಳು. ನಾನು ಅದನ್ನು ಒರೆಸಿ, ಮಡಚಿ, ಹಾಸಿಗೆಯ ಅಡಿಗಿಟ್ಟೆ. ನನ್ನ ಗಂಡ ಆಲ್ಬರ್ಟ್ ಅದನ್ನು ನೋಡಿಯೂ ನೋಡದ ಹಾಗೆ ಕೂತಿದ್ದವರು ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದರು. “ಇನ್ನು ಯಾರನ್ನು ಕಲಿಸ್ಲಿಕ್ಕೆ ಉಂಟು ಮಾರಾಯ್ತಿ ನಿನಗೆ?”

ಪ್ರಶ್ನೆ ಸರಿಯಾದದ್ದೇ. ಮಕ್ಕಳೆಲ್ಲ ಬೆಳೆದಾಗಿದೆ. ಆದರೆ ಕೈಗೆ ಬುದ್ಧಿ ಹೇಳುವವರು ಯಾರು? ಇಂಥ ಚೀಲಗಳಲ್ಲೇ ನನ್ನ ನಾಲ್ಕು ಮಕ್ಕಳು ಏಳನೇ ಕ್ಲಾಸಿನವರೆಗೆ ಓದಿದ್ದಾರೆ. ಚೀಲದೊಳಗೆ ಕೂತು ಓದಿದರು ಎಂದು ದಯವಿಟ್ಟು ತಿಳಿಯಬೇಡಿ. ಚೀಲವನ್ನು ಪುಸ್ತಕದ ಪುಟದ ಅಳತೆಗೆ ಕತ್ತರಿಸುವುದು. ಆ ಹಾಳೆಯನ್ನು ಪುಟದ ಮೇಲಿಟ್ಟು, ಒರೆಸಿದರೆ ಹೋಗುವ ಪೆನ್ನಿನಲ್ಲಿ ಅದರ ಮೇಲೆಯೇ ಬಿಟ್ಟ ಸ್ಥಳ ತುಂಬುವುದು, ಹೊಂದಿಸಿ ಗೆರೆ ಎಳೆಯುವುದು, ಲೆಕ್ಕ ಮಾಡುವುದು. ನಾನು ನೋಡಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುವುದು. ಕೆಳಗಿನ ಪುಸ್ತಕ ಅಂಗಡಿಯಿಂದ ಬಂದ ದಿನದ ಹಾಗೆಯೇ ಇರುತ್ತದೆ. ಹಾಗಾಗಿ ಒಂದೇ ಪುಸ್ತಕದಲ್ಲಿ ದೊಡ್ಡವಳು ಓದಿದಳು, ಅವಳ ಹಿಂದಿನವನು ಓದಿದ, ಅವನ ಹಿಂದಿನವಳು, ಕೊನೆಗೆ ಕೊನೆಯವನು. ಅದಾದ ಮೇಲೆ ಅದೇ ಪುಸ್ತಕವನ್ನು ನಾನು ಇಗರ್ಜಿಯ ಹತ್ತಿರದ ಒಂದು ಮನೆಯ ಮಕ್ಕಳಿಗೆ ಕೊಟ್ಟೆ. ಆ ತಾಯಿ ಪುಟ ತಿರುವಿ ನೋಡಿ, ನಿಮ್ಮ ಮಕ್ಕಳು ಪುಸ್ತಕ ಮುಟ್ಟಿಯೇ ಇಲ್ಲವಲ್ಲ ಎಂದು ಮರುಕದಿಂದ ನನ್ನ ಮುಖ ನೋಡಿದರು.

ಈ ಪುಸ್ತಕದ ಹುಚ್ಚು ನನಗೆ ಎಲ್ಲಿಂದ ಬಂತೆಂದು ಕೇಳಿದರೆ ಸ್ವಲ್ಪ ಹಿಂದೆ ಹೋಗಬೇಕು. ತವರಿನಲ್ಲಿ ನಾವು ಏಳು ಮಕ್ಕಳು. ನನ್ನ ಸರದಿ ಐದನೆಯದು. ನನ್ನ ಕೈಗೆ ಬರುವ ಹೊತ್ತಿಗೆ ಪಾಠಪುಸ್ತಕದ ಒಳಗೆ ಪಾಠವೊಂದು ಬಿಟ್ಟು ಉಳಿದದ್ದೆಲ್ಲ ಇರುತ್ತಿತ್ತು. ಚಿತ್ರದಲ್ಲಿದ್ದ ಎಲ್ಲ ದೊಡ್ಡ ಮನುಷ್ಯರಿಗೂ ನನ್ನ ಅಣ್ಣ ಕಪ್ಪು ಕನ್ನಡಕ ತೊಡಿಸಿರುತ್ತಿದ್ದ. ಹೆಂಗಸರಿಗೆ ಮೀಸೆ ಇರುತ್ತಿತ್ತು. ಬಿಟ್ಟ ಸ್ಥಳಗಳೆಲ್ಲ ಮೊದಲೇ ತುಂಬಿರುತ್ತಿದ್ದವು, ಅದೂ ಶಾಯಿಯಲ್ಲಿ. ಅಣ್ಣನೇ ಬರೆದದ್ದಲ್ಲವೇ, ಸರಿಯಿರಬೇಕು ಎಂಬ ಭಕ್ತಿಯಿಂದ ನಾನು ಅದನ್ನೇ ಕಲಿತೆ. ಅಣ್ಣ ಆ ಕ್ಲಾಸಿನಲ್ಲಿ ಎರಡು ಸಲ ಕೂತಿದ್ದ ಎಂಬ ವಿಷಯವನ್ನು ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಒಂದು ವರ್ಷವಿಡೀ ನಾನು ಹಸು ಮೊಟ್ಟೆ ಇಡುತ್ತದೆ ಎಂಬ ಉತ್ತರವನ್ನು ಬಾಯಿಪಾಠ ಮಾಡಿದ್ದೆ. ಸಿಮೆಂಟು ಚೀಲದ ಕಾಗದದ ಬೈಂಡು ಹಾಕಿದ ಆ ಪುಸ್ತಕಗಳ ವಾಸನೆ ನನಗೆ ಈಗಲೂ ನೆನಪಿದೆ. ಹೊಸ ಪುಸ್ತಕದ ವಾಸನೆ ಹೇಗಿರುತ್ತದೆ ಎಂದು ತಿಳಿಯಲು ನಾನು ಪಕ್ಕದ ಬೆಂಚಿನವಳ ಪುಸ್ತಕವನ್ನು ಮೂಸಿ ಟೀಚರ ಕೈಯಲ್ಲಿ ಬೈಗಳು ತಿಂದಿದ್ದೆ.

ಆಗಲೇ ನಾನು ಒಂದು ನಿಶ್ಚಯ ಮಾಡಿಕೊಂಡದ್ದು. ನನಗೆ ಮಕ್ಕಳಾದರೆ ಕೊನೆಯ ಮಗುವಿಗೂ ಶುದ್ಧ ಪುಸ್ತಕ ಸಿಗಬೇಕು. ಮೀಸೆ ಇಲ್ಲದ ಪುಸ್ತಕ.

ನಾನು ಟೀಚರ್ ತರಬೇತಿ ಮುಗಿಸಿದವಳು. ರ‍್ಯಾಂಕ್ ಲಿಸ್ಟಿನಲ್ಲಿ ಹೆಸರೂ ಇತ್ತು. ಲಿಸ್ಟಿನ ಅವಧಿ ಮುಗಿಯುವವರೆಗೂ ಹೆಸರು ಅಲ್ಲೇ ಇತ್ತು, ಕೆಲಸಕ್ಕೆ ಕರೆ ಮಾತ್ರ ಬರಲಿಲ್ಲ. ಸರಕಾರ ನನಗೆ ಮಕ್ಕಳನ್ನು ಕೊಡಲಿಲ್ಲ, ಹಾಗಾಗಿ ನಾನೇ ಮಾಡಿಕೊಂಡೆ ಎಂದು ನಾನು ತಮಾಷೆಗೆ ಹೇಳುವುದುಂಟು. ಆಲ್ಬರ್ಟಿಗೆ ಆ ತಮಾಷೆ ಅಷ್ಟಾಗಿ ಹಿಡಿಸುವುದಿಲ್ಲ. ಉಪ್ಪಳದಲ್ಲಿ ಅವರದೊಂದು ಸಣ್ಣ ಟೈಲರ್ ಅಂಗಡಿ. ನಮ್ಮ ಮನೆ ಪುತ್ತಿಗೆಯ ಒಳಗೆ. ದೊಡ್ಡವಳು ಪ್ರೀಮಾ ಒಂದನೇ ಕ್ಲಾಸಿಗೆ ಸೇರಿದ ವರ್ಷ ಜೂನಿನಲ್ಲಿ ಶಾಲೆ ತೆರೆಯುವುದು, ಅವಳ ದಮ್ಮು ಶುರುವಾಗುವುದು ಎರಡೂ ಒಟ್ಟಿಗೆ ಆಯಿತು. ಮಳೆಯಲ್ಲಿ ನೆನೆದು ಅಷ್ಟು ದೂರ ನಡೆದರೆ ಎದೆ ಸುಂಯ್‌ಗುಟ್ಟುತ್ತಿತ್ತು. ಶಾಲೆಗೆ ಹೋದ ದಿನಗಳಿಗಿಂತ ಕಷಾಯ ಕುಡಿದ ದಿನಗಳು ಹೆಚ್ಚಾದವು. ಕಲಿತ ಟೀಚರ್ ಮನೆಯಲ್ಲೇ ಕೆಲಸವಿಲ್ಲದೆ ಕೂತಿದ್ದೇನೆ, ಮತ್ತೆ ಈ ಮಗುವನ್ನು ಯಾಕೆ ಮಳೆಗೆ ಕಳಿಸಬೇಕು ಎಂದು ನನಗನ್ನಿಸಿತು. ಅವಳು ಮನೆಯಲ್ಲಿ ಕೂತದ್ದನ್ನು ನೋಡಿ ಅವಳ ಹಿಂದಿನವನೂ ಹೋಗುವುದಿಲ್ಲವೆಂದ. ಹಾಗೆ ನನ್ನ ಶಾಲೆ ಬೆಳೆಯಿತು. ಮನೆಯಲ್ಲಿ ಮಾತು ಕೊಂಕಣಿಯಲ್ಲಿ, ಪಾಠ ಕನ್ನಡದಲ್ಲಿ, ಜಗಳ ಎರಡರಲ್ಲೂ ನಡೆಯುತ್ತಿತ್ತು. ಇಲ್ಲಿ ನಾನು ಎಲ್ಲರ ಮಾತನ್ನೂ ನಿಮಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಒಬ್ಬ ಟೈಲರನ ದುಡಿಮೆಯಲ್ಲಿ ನಾಲ್ಕು ಮಕ್ಕಳಿಗೆ ಪುಸ್ತಕ, ಬರೆಯುವ ಪಟ್ಟಿ ಎಂದರೆ ಕೈ ಬಿಗಿಹಿಡಿಯದೆ ಆಗುತ್ತದೆಯೇ? ಆದರೆ ನಿಮಗೊಂದು ಗುಟ್ಟು ಹೇಳುತ್ತೇನೆ. ಕೈ ಬಿಗಿಹಿಡಿಯುವುದರಲ್ಲಿ ಒಂದು ಮಜಾ ಇದೆ. ಒಮ್ಮೆ ಅದರ ರುಚಿ ಹತ್ತಿದರೆ ಬಿಡುವುದು ಕಷ್ಟ. ಮಕ್ಕಳಿಗೆ ಹೆಸರಿಡುವಾಗಲೇ ನನ್ನ ಲೆಕ್ಕಾಚಾರ ಶುರುವಾಗಿತ್ತು. ಪ್ರೀಮಾ, ಪ್ರವೀಣ, ಪ್ರೆಸಿಲ್ಲಾ, ಪ್ರಶಾಂತ. ಚೀಲದ ಮೇಲೆ, ಕರ್ಚೀಫಿನ ಮೇಲೆ, ಕೊಡೆಯ ಬಟ್ಟೆಯ ಮೇಲೆ ಆಲ್ಬರ್ಟ್ ನೂಲಿನಲ್ಲಿ ‘ಪ್ರ’ ಎಂದಷ್ಟೇ ಹೊಲಿದರೆ ಸಾಕಿತ್ತು, ಯಾರಿಂದ ಯಾರಿಗೆ ಹೋದರೂ ಬಿಚ್ಚುವ ಕೆಲಸವಿಲ್ಲ. ನಮ್ಮ ಪಾದ್ರಿಗಳು ನಾಲ್ಕನೆಯವನ ಜ್ಞಾನಸ್ನಾನದ ದಿನ, ಇದರಲ್ಲಿ ಏನಾದರೂ ಹರಕೆ ಇದೆಯೇ ಎಂದು ಕೇಳಿದ್ದರು.

ಕಂಬಳಿ ಚೀಲ ಸಿಕ್ಕಿದ್ದು ಆಲ್ಬರ್ಟಿನ ಅಂಗಡಿಯಿಂದ. ಉಪ್ಪಳದಲ್ಲಿ ಗಲ್ಫಿನ ಮನೆಗಳು ಬೇಕಾದಷ್ಟು. ಮದುವೆಯ ಬಟ್ಟೆ ಹೊಲಿಸಲು ಬರುವವರು ಸೀರೆ, ಚೂಡಿದಾರದ ತುಂಡುಗಳನ್ನು ಈ ಚೀಲದಲ್ಲಿ ತುಂಬಿಸಿ ತರುತ್ತಿದ್ದರು, ಹೊಲಿದ ಬಟ್ಟೆಯನ್ನು ಒಳ್ಳೆಯ ಕಾಗದದ ಚೀಲದಲ್ಲಿ ಒಯ್ಯುತ್ತಿದ್ದರು. ಉಳಿದ ಚೀಲ ನನಗೆ. ಮೊದಲ ಸಲ ಅದನ್ನು ಕತ್ತರಿಸಿ ಪುಟದ ಮೇಲಿಟ್ಟಾಗ ನನಗಾದ ಹೆಮ್ಮೆ ಹೇಳಿ ಪೂರೈಸದು. ಆದರೆ ಆ ಹೆಮ್ಮೆಯ ಭರದಲ್ಲಿ ನಾನು ಅಂಗಡಿಯಿಂದ ತಂದದ್ದು ಅಳಿಸಿದರೂ ಹೋಗದ ಪೆನ್ನು. ಏಳೆಂಟಲಿ ಐವತ್ತನಾಲ್ಕು ಎಂದು ಪ್ರವೀಣ ಬರೆದದ್ದು ಸೋಪಿಗೂ ಹೋಗಲಿಲ್ಲ, ಬೂದಿಗೂ ಹೋಗಲಿಲ್ಲ. ಸೀಮೆಎಣ್ಣೆ ಹಾಕಿ ತಿಕ್ಕಿದ ಮೇಲೆ ಪ್ಲಾಸ್ಟಿಕ್ಕು ಮಂಜು ಕವಿದ ಹಾಗಾಯಿತು, ಐವತ್ತನಾಲ್ಕು ಮಾತ್ರ ಒಳಗಿಂದ ನಗುತ್ತಿತ್ತು. ಆ ಹಾಳೆಯನ್ನು ಕೋಳಿಗೂಡಿನ ಮಾಡಿಗೆ ಕಟ್ಟಿದೆ.

ಎಣಿಸುವ ಪಾಠಕ್ಕೆ ಮೊದಲು ಗೇರುಬೀಜ ಇಟ್ಟಿದ್ದೆ. ಪುಕ್ಕಟೆ ಸಿಗುತ್ತದೆ, ಗಟ್ಟಿ, ವರ್ಷಗಟ್ಟಲೆ ಬಾಳುತ್ತದೆ ಎಂದು ನನ್ನ ಅಂದಾಜು. ಪ್ರವೀಣ ಮತ್ತು ಪ್ರೆಸಿಲ್ಲಾ ಸೇರಿ ಅದನ್ನು ಹಿತ್ತಿಲಲ್ಲಿ ಸುಟ್ಟು ತಿಂದರು. ಕಳೆಯುವ ಲೆಕ್ಕ ಅವರಿಗೆ ಅದರಿಂದ ಚೆನ್ನಾಗಿ ಬಂತು. ಆಮೇಲೆ ಹುಣಸೆಬೀಜಕ್ಕೆ ಬದಲಾಯಿಸಿದೆ. ಚುನಾವಣೆ ಮುಗಿದ ಮೇಲೆ ಫ್ಲೆಕ್ಸ್ ಬೋರ್ಡುಗಳನ್ನು ಕೇಳಿ ತರುತ್ತಿದ್ದೆ. ಹಿಂದುಗಡೆ ಬೆಳ್ಳಗೆ ಇರುತ್ತದಲ್ಲ, ಅದರ ಮೇಲೆ ಕಾಗುಣಿತ, ಮಗ್ಗಿ, ಭಾರತದ ನಕ್ಷೆ ಬರೆದು ನೆಲಕ್ಕೆ ಹಾಸಿದರೆ ಮಕ್ಕಳು ಅದರ ಮೇಲೆಯೇ ಕೂತು ಓದಬಹುದಿತ್ತು. ಎಲ್ಲ ಪಕ್ಷದ ಬೋರ್ಡುಗಳೂ ನನ್ನಲ್ಲಿದ್ದವು. ಒಮ್ಮೆ ಮತ ಕೇಳಲು ಬಂದ ಒಬ್ಬರು ಜಗಲಿಯಲ್ಲಿ ಕೂತು ಚಾ ಕುಡಿಯುತ್ತಿದ್ದಾಗ ಗಾಳಿಗೆ ಹದಿಮೂರರ ಮಗ್ಗಿ ಮಗುಚಿ ಬಿತ್ತು. ಅಡಿಯಲ್ಲಿ ಅವರೇ ಕೈಮುಗಿದು ನಗುತ್ತಿದ್ದರು. ನಮ್ಮ ಮನೆಯಲ್ಲಿ ತನಗೆ ಇಷ್ಟು ಅಭಿಮಾನವಿದೆಯೆಂದು ಅವರಿಗೆ ಗೊತ್ತಿರಲಿಲ್ಲವಂತೆ. ಸಂತೋಷದಿಂದ ಹೋದರು.

ಇದೆಲ್ಲದರ ಹಿಂದೆ ಇದ್ದದ್ದು ಒಂದೇ ಕಾನೂನು. ಅಚ್ಚಾದ ಕಾಗದದ ಮೇಲೆ ಯಾರೂ ಏನೂ ಬರೆಯಕೂಡದು. ಪೆನ್ನಲ್ಲಿ ಇಲ್ಲ, ಪೆನ್ಸಿಲಿನಲ್ಲಿ ಇಲ್ಲ, ಉಗುರಿನಲ್ಲಿ ಗೀರುವುದೂ ಇಲ್ಲ. ಯಾಕೆ ಎಂದು ಕೇಳಿದರೆ ಉತ್ತರವೂ ಒಂದೇ, ‘ಹಿಂದಿನವರಿಗೆ ಬೇಕು’, ಅಂದರೆ ಬೆನ್ನ ಹಿಂದೆ ಬರುವ ತಮ್ಮ ತಂಗಿಯರಿಗೆ. ಬೆಳಗಿನ ಪ್ರಾರ್ಥನೆಗಿಂತ ಹೆಚ್ಚು ಸಲ ನನ್ನ ಮಕ್ಕಳು ಈ ಮಾತನ್ನು ಕೇಳಿರಬೇಕು. ಮಕ್ಕಳು ಇದನ್ನು ಎಷ್ಟು ಮೈಗೂಡಿಸಿಕೊಂಡರೆಂದರೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯಲು ಹೋದ ಅಪ್ಪನನ್ನೇ ಪ್ರೀಮಾ ತಡೆದಿದ್ದಳು. “ನಿನ್ನ ಮಕ್ಕಳು ನಾಳೆ ಚಾ ಕುಡಿದ ಗ್ಲಾಸಿನಲ್ಲಿ ಅರ್ಧ ಚಾವನ್ನೂ ಹಿಂದಿನವರಿಗೆ ಇಡ್ತಾರೆ ನೋಡು” ಎಂದು ಆಲ್ಬರ್ಟ್ ಗೊಣಗಿದರು.

ಈ ನನ್ನ ರಾಜ್ಯಕ್ಕೆ ಒಬ್ಬರೇ ವಿರೋಧ ಪಕ್ಷ, ಆಲ್ಬರ್ಟಿನ ದೊಡ್ಡಕ್ಕ ಹೆಲೆನ್ ಬಾಯಿ. ಬಾಯಿ ಎಂದರೆ ನಮ್ಮ ಕೊಂಕಣಿಯಲ್ಲಿ ಅಕ್ಕ. ಮದುವೆಯಾಗದೆ ಇಡೀ ಆಯುಷ್ಯ ಶಾಲೆಯಲ್ಲಿ ಕಳೆದು ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಆದಿತ್ಯವಾರ ಪೂಜೆ ಮುಗಿಸಿ ಇಗರ್ಜಿಯಿಂದ ನೇರ ನಮ್ಮ ಮನೆಗೆ ಬರುತ್ತಿದ್ದರು. ಕೈಯಲ್ಲಿ ಮಕ್ಕಳಿಗೆ ಬಿಸ್ಕಿಟು, ಬಾಯಿಯಲ್ಲಿ ನನಗೆ ಪ್ರಶ್ನೆ. ನನ್ನ ಶಾಲೆಯನ್ನು ಅವರು ಒಮ್ಮೆಯೂ ಶಾಲೆ ಎಂದು ಕರೆದವರಲ್ಲ. “ನಿನ್ನ ಟ್ಯೂಷನ್ ಹೇಗೆ ನಡೀತಾ ಉಂಟು?” ಎಂದು ಕೇಳುತ್ತಿದ್ದರು. ಆ ‘ಟ್ಯೂಷನ್’ ನನ್ನ ಹೊಟ್ಟೆಯಲ್ಲಿ ಮುಳ್ಳಿನ ಹಾಗೆ ಇಳಿಯುತ್ತಿತ್ತು.

“ಶಾಲೆ ಅಂದ್ರೆ ಪುಸ್ತಕ ಮಾತ್ರ ಅಲ್ಲ ಲೀನಾ” ಎನ್ನುತ್ತಿದ್ದರು. “ಬೆಲ್ಲು ಬೇಡ್ವಾ? ಬೇರೆ ಮಕ್ಕಳು ಬೇಡ್ವಾ? ನಾಲ್ಕು ಜನರ ಎದುರು ಒಂದು ಬೈಗಳು ತಿನ್ಲಿಕ್ಕೆ ಬೇಡ್ವಾ?”

“ಬೈಗಳಿಗೆ ನಮ್ಮಲ್ಲಿ ಕಮ್ಮಿ ಇಲ್ಲ ಬಾಯಿ” ಎನ್ನುತ್ತಿದ್ದೆ ನಾನು.

ಪ್ರೀಮಾಳಿಗೆ ಏಳನೇ ಕ್ಲಾಸಿನ ಪಾಠ ಮುಗಿಯುತ್ತಾ ಬಂದ ವರ್ಷ ಅವರು ಕುರ್ಚಿ ಎಳೆದು ಆಲ್ಬರ್ಟಿನ ಎದುರೇ ಕೂತರು. ಅಷ್ಟರಲ್ಲಿ ಮಗಳ ದಮ್ಮು ತುಂಬ ಕಡಿಮೆಯಾಗಿತ್ತು, ಹೈಸ್ಕೂಲಿಗೆ ಕಳಿಸಬೇಕೆಂದು ನಮಗೂ ಇತ್ತು. ಬದಿಯಡ್ಕದ ಕಡೆಯ ಒಂದು ಕನ್ನಡ ಹೈಸ್ಕೂಲಿನಲ್ಲಿ ಟಿ.ಸಿ. ಇಲ್ಲದೆ ಬರುವ ಮಕ್ಕಳಿಗೆ ಪರೀಕ್ಷೆ ಇಟ್ಟು ಎಂಟನೆಯ ಕ್ಲಾಸಿಗೆ ಸೇರಿಸಿಕೊಳ್ಳುತ್ತಿದ್ದರು. ಹೆಲೆನ್ ಬಾಯಿ ಮಾತು ತೆಗೆದದ್ದು ಆ ಪರೀಕ್ಷೆಯ ಬಗ್ಗೆ.

“ಪ್ರೀಮಾ ಅದರಲ್ಲಿ ಪಾಸಾಗ್ಲಿ. ಮತ್ತೆ ನಾನು ಬಾಯಿ ತೆರೆಯುದಿಲ್ಲ. ಉಳಿದ ಮೂವರನ್ನು ನೀನು ಏಳರವರೆಗೆ ಮನೆಯಲ್ಲೇ ಕಲಿಸು. ಪಾಸಾಗದಿದ್ರೆ ಮಾತ್ರ ಈ ಜೂನಿಗೆ ನಾಲ್ಕು ಜನರನ್ನೂ ಶಾಲೆಗೆ ಹಾಕ್ಬೇಕು. ಆಗ್ತದಾ?”

ಆಲ್ಬರ್ಟ್ ನನ್ನನ್ನು ನೋಡಿದರು. “ಆಗ್ತದೆ” ಎಂದೆ. ಹೇಳಿದ ಮೇಲೆ ಹೆದರಿಕೆ ಶುರುವಾಯಿತು. ಪಾಸಾಗದಿದ್ದರೆ ಪ್ರೀಮಾ ಎರಡು ಕ್ಲಾಸು ಕೆಳಗೆ, ತನ್ನ ಭುಜಕ್ಕೂ ಬಾರದ ಮಕ್ಕಳ ನಡುವೆ ಕೂರಬೇಕು. ನನ್ನ ಅಷ್ಟು ವರ್ಷಗಳ ಕೆಲಸ ಟ್ಯೂಷನ್ ಎಂದೇ ತೀರ್ಮಾನವಾಗುತ್ತದೆ. ನನ್ನ ಕಲಿಸುವಿಕೆಯನ್ನು ಹೊರಗಿನವರು ಅಳೆಯುವುದು ಅದೇ ಮೊದಲು. ಪರೀಕ್ಷೆ ಮಗಳಿಗಲ್ಲ, ನನಗೆ ಎಂದೇ ನನಗನ್ನಿಸುತ್ತಿತ್ತು.

ತಯಾರಿ ಏನೂ ಕಡಿಮೆ ಮಾಡಲಿಲ್ಲ. ಊರಿನ ಮಕ್ಕಳ ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಒಟ್ಟು ಮಾಡಿದೆ. ಅವರು ಗೀಚಿದ್ದನ್ನು ರಬ್ಬರಿನಲ್ಲಿ ಉಜ್ಜಿ, ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಅವಳಿಂದ ಮತ್ತೆ ಮತ್ತೆ ಮಾಡಿಸಿದೆ. ಪರೀಕ್ಷೆಯ ದಿನ ಅವಳು ಆ ಹಾಳೆಯನ್ನೂ ಪೆನ್ನನ್ನೂ ಚೀಲಕ್ಕೆ ಹಾಕಿಕೊಂಡಳು. ನಾನು ತೆಗೆದಿಟ್ಟೆ. “ಅಲ್ಲಿ ಅದೆಲ್ಲ ಆಗ್ಲಿಕ್ಕಿಲ್ಲ. ಅವರು ಕೊಟ್ಟ ಕಾಗದದಲ್ಲೇ ಬರೆಯುದು” ಎಂದೆ. ಅವಳು ತಲೆಯಾಡಿಸಿದಳು. ಬಹಳ ವಿಧೇಯ ಹುಡುಗಿ. ಹೆಲೆನ್ ಬಾಯಿಯೂ ಇಸ್ತ್ರಿ ಮಾಡಿದ ಸೀರೆ ಉಟ್ಟು ನಮ್ಮ ಜೊತೆ ಬಸ್ಸು ಹತ್ತಿದರು. ಸಾಕ್ಷಿ ಬೇಕಲ್ಲ.

ಪರೀಕ್ಷೆ ನಡೆಯುವಷ್ಟು ಹೊತ್ತು ನಾವಿಬ್ಬರೂ ವರಾಂಡದ ಬೆಂಚಿನ ಎರಡು ತುದಿಯಲ್ಲಿ ಕೂತೆವು. ಅವರು ಜಪಮಾಲೆ ಹಿಡಿದಿದ್ದರು. ಯಾರ ಪರವಾಗಿ ಎಂದು ನಾನು ಕೇಳಲಿಲ್ಲ. ಕಿಟಕಿಯಿಂದ ನೋಡಿದರೆ ಪ್ರೀಮಾ ಬಗ್ಗಿ ಬರೆಯುತ್ತಿದ್ದಳು. ನಡುವೆ ಎದ್ದು ಕಚ್ಚಾ ಲೆಕ್ಕಕ್ಕೆ ಇಟ್ಟಿದ್ದ ಕಾಗದವನ್ನು ಕೇಳಿ ಪಡೆದಳು. ಸ್ವಲ್ಪ ಹೊತ್ತಿಗೆ ಮತ್ತೆ ಪಡೆದಳು. ಇಷ್ಟು ಲೆಕ್ಕ ಮಾಡುತ್ತಿದ್ದಾಳಲ್ಲ ಎಂದು ನನ್ನ ಎದೆ ಉಬ್ಬಿತು. ಹೊರಗೆ ಬಂದಾಗ ಅವಳ ಮುಖ ಅರಳಿತ್ತು. “ಎಲ್ಲ ಬಂತು ಮಮ್ಮಿ. ಒಂದೂ ಬಿಡ್ಲಿಲ್ಲ.”

ನಾನು ಹೆಲೆನ್ ಬಾಯಿಯ ಕಡೆಗೆ ನೋಡಿದ ನೋಟದಲ್ಲಿ ಸ್ವಲ್ಪ ಗರ್ವ ಇದ್ದಿರಬೇಕು.

ಮಧ್ಯಾಹ್ನ ಕಳೆದು ಹೆಡ್‌ಮಾಷ್ಟ್ರು ನಮ್ಮನ್ನು ಒಳಗೆ ಕರೆದರು. ಅವರು ಎಂದೋ ಹೆಲೆನ್ ಬಾಯಿಯ ಶಾಲೆಯಲ್ಲಿ ಕಿರಿಯ ಮಾಷ್ಟ್ರಾಗಿ ಕೆಲಸ ಮಾಡಿದವರು, ಹಾಗಾಗಿ ಎದ್ದು ನಿಂತೇ ಮಾತಾಡಿದರು. ಮೇಜಿನ ಮೇಲೆ ಪ್ರೀಮಾಳ ಪ್ರಶ್ನೆಪತ್ರಿಕೆ ಇತ್ತು. ಪ್ರಶ್ನೆಯ ಕೆಳಗೇ ಉತ್ತರಕ್ಕೆ ಜಾಗ ಬಿಟ್ಟ, ಐದಾರು ಹಾಳೆಗಳ ಪುಸ್ತಿಕೆ ಅದು. ಅವರು ಪುಟ ತಿರುವುತ್ತಾ ಹೋದರು. ಎಲ್ಲ ಬೆಳ್ಳಗಿತ್ತು. ಬಿಟ್ಟ ಸ್ಥಳ ಬಿಟ್ಟ ಹಾಗೆಯೇ ಇತ್ತು. ಕೇರಳದ ನಕ್ಷೆಯಲ್ಲಿ ಒಂದು ನದಿಯೂ ಹರಿದಿರಲಿಲ್ಲ.

“ಟೀಚರೇ, ನಿಮ್ಮ ಮುಖ ನೋಡಿ ಹೇಳ್ಲಿಕ್ಕೆ ನನಗೆ ಬೇಜಾರು” ಎಂದರು ಹೆಡ್‌ಮಾಷ್ಟ್ರು ಹೆಲೆನ್ ಬಾಯಿಗೆ. “ಮಗು ಒಂದಕ್ಷರ ಬರೆಯಲಿಲ್ಲ.”

ಪ್ರೀಮಾ ಆಶ್ಚರ್ಯದಿಂದ ಎಲ್ಲರನ್ನೂ ನೋಡುತ್ತಿದ್ದಳು.

“ಬರೆದಿದ್ದೇನಲ್ಲ ಸಾರ್. ಬೇರೆ ಕಾಗದದಲ್ಲಿ. ನಂಬರ್ ಹಾಕಿ ಬರೆದಿದ್ದೇನೆ.”

“ಯಾವ ಕಾಗದ?”

“ಟೀಚರ್ ಕೊಟ್ಟದ್ದು. ಅಲ್ಲೇ ಮೇಜಿನ ಮೇಲೆ ಇಟ್ಟಿದ್ದೆ.”

ಪರೀಕ್ಷೆ ನೋಡಿಕೊಂಡ ಟೀಚರನ್ನು ಕರೆಸಿದರು. ಕಚ್ಚಾ ಕಾಗದಗಳನ್ನೆಲ್ಲ ಗುಡಿಸಿ ಬೆಂಕಿಗೆ ಹಾಕಿಸಿದ್ದಾಗಿ ಅವರು ಹೇಳಿದರು. ಅವರ ತಪ್ಪೇನಿಲ್ಲ, ಕಚ್ಚಾ ಕಾಗದವನ್ನು ಯಾರು ಇಟ್ಟುಕೊಳ್ಳುತ್ತಾರೆ? “ಈ ಮಗು ಕೇರಳವನ್ನೇ ಕೈಯಲ್ಲಿ ಬಿಡಿಸ್ತಾ ಇತ್ತು ಸಾರ್. ಚಿತ್ರ ಬಿಡಿಸಿ ಆಟ ಆಡ್ತದೆ ಅಂತ ನಾನು ಗ್ರಹಿಸಿದ್ದು” ಎಂದೂ ಸೇರಿಸಿದರು. ಅಚ್ಚಿನ ನಕ್ಷೆಯಲ್ಲಿ ಗುರುತು ಹಾಕುವ ಬದಲು ನನ್ನ ಮಗಳು ಹೊಸತೊಂದು ಕೇರಳವನ್ನೇ ಬರೆದು ಅದರಲ್ಲಿ ನದಿ ಹರಿಸಿದ್ದಳು.

“ಇದರಲ್ಲೇ ಬರೆಯಬಹುದಿತ್ತಲ್ಲ ಮಗಾ? ಜಾಗ ಬಿಟ್ಟದ್ದು ಮತ್ತೆ ಎಂತಕ್ಕೆ?” ಹೆಡ್‌ಮಾಷ್ಟ್ರ ಸ್ವರದಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ.

“ಇದರಲ್ಲಿ ಬರೆದ್ರೆ ಹಾಳಾಗ್ತದಲ್ಲ ಸಾರ್” ಎಂದಳು ಪ್ರೀಮಾ. “ಹಿಂದಿನವರಿಗೆ ಬೇಕು. ನನ್ನ ಹಿಂದೆ ಮೂರು ಜನ ಇದ್ದಾರೆ.”

ಇಗೋ, ಇನ್ನು ಹೆಲೆನ್ ಬಾಯಿ ಬಾಯಿ ತೆರೆಯುತ್ತಾರೆ, ನನ್ನ ಟ್ಯೂಷನ್ನಿನ ಬಾಗಿಲು ಹಾಕುತ್ತಾರೆ ಎಂದು ನಾನು ಕಾದೆ. ಅವರು ಕನ್ನಡಕ ಏರಿಸಿ ಆ ಖಾಲಿ ಪುಸ್ತಿಕೆಯನ್ನು ಕೈಗೆ ತೆಗೆದುಕೊಂಡರು. ಪುಟ ತಿರುವಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಒಂದು ಮಡಿಕೆಯೂ ಇರಲಿಲ್ಲ.

“ಒಳ್ಳೆಯದೇ ಆಯ್ತಲ್ಲ ಮಾಷ್ಟ್ರೇ” ಎಂದರು. “ಪೇಪರ್ ಚೆಂದ ಉಂಟು. ಇನ್ನೊಮ್ಮೆ ಇದನ್ನೇ ಕೊಡಿ. ನಿಮಗೆ ಹೊಸ ಪೇಪರಿನ ಖರ್ಚೂ ಇಲ್ಲ.”

“ನೋಡಿದ ಪ್ರಶ್ನೆಯನ್ನೇ ಪುನಃ ಕೊಟ್ರೆ ಅದು ಪರೀಕ್ಷೆ ಹೇಗಾಗ್ತದೆ ಟೀಚರೇ?”

“ಹೊರಗೆ ಬಂದ ಮೇಲೆ ಅವಳು ನನ್ನ ಕಣ್ಣೆದುರೇ ಇದ್ದಾಳೆ. ಪುಸ್ತಕ ಮುಟ್ಟಲಿಲ್ಲ. ಇಲ್ಲೇ ಕೂತು ಬರೀಲಿ. ಪ್ರತಿ ಉತ್ತರಕ್ಕೂ ಯಾಕೆ, ಹೇಗೆ ಅಂತ ನೀವು ಕೇಳಿ. ಬಾಯಿಪಾಠ ಮಾಡಿದ್ದಾ, ಕಲಿತದ್ದಾ ಅಂತ ಆಗ ಗೊತ್ತಾಗ್ತದೆ. ಇಷ್ಟು ವರ್ಷ ಮಕ್ಕಳನ್ನು ನೋಡಿದ್ದೀರಲ್ಲ.”

ಹೆಡ್‌ಮಾಷ್ಟ್ರು ತಲೆ ತುರಿಸಿಕೊಂಡರು. ಮತ್ತೆ ತಮ್ಮ ಮೇಜಿನ ಒಂದು ಮೂಲೆಯನ್ನು ಖಾಲಿ ಮಾಡಿ ಪ್ರೀಮಾಳನ್ನು ಕೂರಿಸಿದರು. ಅವಳು ಪೆನ್ನಿನ ಮುಚ್ಚಳ ತೆಗೆದಳು. ಕಾಗದದ ಮೇಲೆ ಬಗ್ಗಿದಳು. ಅಲ್ಲಿಗೆ ಕೈ ನಿಂತಿತು. ಪೆನ್ನಿನ ಮೊನೆ ಗೆರೆಯ ಮೇಲೆ ಗಾಳಿಯಲ್ಲಿ ನಿಂತಿದೆ, ಕೆಳಗಿಳಿಯುವುದಿಲ್ಲ. ಗೊತ್ತಿಲ್ಲದೆ ನಿಂತಳು ಎಂದುಕೊಂಡು ಹೆಡ್‌ಮಾಷ್ಟ್ರು ಮುಖ ಬೇರೆ ಕಡೆ ತಿರುಗಿಸಿದರು. ಪ್ರೀಮಾ ನನ್ನನ್ನು ನೋಡಿದಳು. ಅವಳಿಗೆ ಬೇಕಾಗಿದ್ದದ್ದು ಉತ್ತರ ಅಲ್ಲ, ನನ್ನ ಅಪ್ಪಣೆ.

“ಬರಿ ಪ್ರೀಮಾ” ಎಂದೆ. “ಇದು ನಿನಗೇ ಕೊಟ್ಟದ್ದು. ಬೇರೆ ಯಾರಿಗೂ ಬೇಡ.”

“ಪೆನ್ನಲ್ಲಾ?”

“ಪೆನ್ನಲ್ಲೇ.”

ಹುಟ್ಟಿದ ಲಾಗಾಯ್ತು ಎಲ್ಲವನ್ನೂ ಹಿಂದಿನವರಿಗಾಗಿ ಜೋಪಾನವಾಗಿ ಹಿಡಿದಿದ್ದ ನನ್ನ ದೊಡ್ಡ ಮಗಳು ಮೊದಲನೆಯ ಅಕ್ಷರವನ್ನು ಮುಟ್ಟಿದರೆ ನೋಯುತ್ತದೆಯೋ ಎಂಬಂತೆ ಮೆಲ್ಲಗೆ ಬರೆದಳು. ಎರಡನೆಯದನ್ನು ಸ್ವಲ್ಪ ದೊಡ್ಡದಾಗಿ ಬರೆದಳು. ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಬಿಟ್ಟ ಸ್ಥಳ ತುಂಬಿತು, ಗೆರೆಗಳು ಆ ಬದಿಯಿಂದ ಈ ಬದಿಗೆ ಓಡಿದವು, ನಕ್ಷೆಯಲ್ಲಿ ನದಿಗಳು ಸಮುದ್ರ ಸೇರಿದವು. ನನ್ನ ಕಣ್ಣು ತುಂಬಿ ಬಂತು. ದುಃಖಕ್ಕಲ್ಲ, ಅವಳು ಪುಟ ತಿರುವುವಾಗ ಅವಳ ಮುಖದಲ್ಲಿ ಕಂಡ ಖುಷಿಗೆ.

ಹೆಡ್‌ಮಾಷ್ಟ್ರು ನಡುನಡುವೆ ಪ್ರಶ್ನೆ ಕೇಳಿದರು. ಈ ಭಿನ್ನರಾಶಿ ಯಾಕೆ ದೊಡ್ಡದು? ಈ ನದಿ ಎಲ್ಲಿ ಹುಟ್ಟುತ್ತದೆ? ಅವಳು ಬರೆಯುತ್ತಲೇ ಹೇಳಿದಳು. ಹೆಲೆನ್ ಬಾಯಿಗೆ ಸುಮ್ಮನಿರಲಾಗಲಿಲ್ಲ. ತಾವೂ ಕೇಳತೊಡಗಿದರು. ಹೆಡ್‌ಮಾಷ್ಟ್ರದು ಏಳನೇ ಕ್ಲಾಸಿನ ಪ್ರಶ್ನೆಯಾದರೆ ಇವರದು ಒಂಬತ್ತನೆಯದ್ದು. ಗಿಡ ರಾತ್ರಿ ಹೇಗೆ ಉಸಿರಾಡುತ್ತದೆ ಎಂದು ಕೇಳಿದರು, ಬಡ್ಡಿಯ ಲೆಕ್ಕ ಬಾಯಲ್ಲೇ ಮಾಡಿಸಿದರು. ಉತ್ತರ ಸರಿ ಬಂದಂತೆಲ್ಲ ಅವರ ಸ್ವರ ಏರುತ್ತಿತ್ತು, ಕೊನೆಗೆ ಎದ್ದು ನಿಂತೇ ಕೇಳುತ್ತಿದ್ದರು.

“ಸಾಕು ಟೀಚರೇ” ಎಂದು ಹೆಡ್‌ಮಾಷ್ಟ್ರೇ ಬೇಡಿಕೊಂಡರು. “ನನಗೆ ಉತ್ತರ ಸಿಕ್ಕಿತು. ಜೂನಿನಲ್ಲಿ ಬರ್ಲಿ, ಎಂಟನೆಯ ಕ್ಲಾಸಿಗೆ.” ಮತ್ತೆ ಪ್ರೀಮಾಳ ಕಡೆಗೆ ತಿರುಗಿ, “ಆದ್ರೆ ಒಂದು ಮಾತು ಮಗಾ. ಇನ್ನು ಮುಂದೆ ಪರೀಕ್ಷೆಯಲ್ಲಿ ಪೇಪರ್ ಹಾಳು ಮಾಡ್ಲೇಬೇಕು, ಆಯ್ತಾ?” ಎಂದರು. ಅವಳು ಗಂಭೀರವಾಗಿ ಒಪ್ಪಿಕೊಂಡಳು.

ಬದಿಯಡ್ಕದ ಹೋಟೆಲಿನಲ್ಲಿ ಹೆಲೆನ್ ಬಾಯಿ ನಮಗೆ ಗೋಳಿಬಜೆ ಕೊಡಿಸಿದರು. ಗೆದ್ದವರು ನಾವು, ದುಡ್ಡು ಅವರದು, ಇದರಷ್ಟು ರುಚಿಯಾದ ಗೋಳಿಬಜೆಯನ್ನು ನಾನು ಮತ್ತೆ ತಿಂದದ್ದಿಲ್ಲ. ಬಸ್ಸಿನಲ್ಲಿ ಅವರು ಪ್ರೀಮಾಳನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ದಾರಿಯುದ್ದಕ್ಕೂ ನನಗೆ ಒಂದು ಮಾತೂ ಹೇಳಲಿಲ್ಲ. ನಾನಾಗಿ ಕೇಳಲೂ ಇಲ್ಲ. ಕೇಳಬೇಕಾದ ಅಗತ್ಯ ನನಗೇನಿತ್ತು? ಕಿಟಕಿಯ ಹೊರಗೆ ನೋಡುತ್ತಾ ಒಬ್ಬಳೇ ನಗುತ್ತಿದ್ದೆ. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ಮನೆಯ ಜಗಲಿಯಲ್ಲಿ ಉಳಿದ ಮೂವರೂ ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ಅಂಗಡಿ ಬೇಗ ಮುಚ್ಚಿ ಬಂದ ಆಲ್ಬರ್ಟ್ ಬಾಗಿಲಲ್ಲಿ ನಿಂತಿದ್ದರು. ನಾನು ಏನೂ ಹೇಳುವ ಮೊದಲೇ ಪ್ರೆಸಿಲ್ಲಾ ಓಡಿಬಂದು ಹೆಲೆನ್ ಬಾಯಿಯ ಸೆರಗು ಹಿಡಿದಳು.

“ಬಾಯಿ, ಜೂನಿಂದ ನಾವೆಲ್ಲ ಶಾಲೆಗೆ ಹೋಗ್ಬೇಕಾ?”

ಆಲ್ಬರ್ಟ್ ಅಕ್ಕನಿಗಾಗಿ ಕುರ್ಚಿ ಎಳೆದಿಟ್ಟರು. ಹೆಲೆನ್ ಬಾಯಿ ಚಪ್ಪಲಿ ಬಿಟ್ಟರು, ಕುರ್ಚಿಯನ್ನು ದಾಟಿ ಬಂದು, ಇಸ್ತ್ರಿ ಸೀರೆಯಲ್ಲೇ ಮಕ್ಕಳ ನಡುವೆ ಚಾಪೆಯ ಮೇಲೆ ಕೂತರು.

“ಹೋಗುದು ಎಲ್ಲಿಗೆ?” ಎಂದರು. “ಶಾಲೆಯಲ್ಲೇ ಇದ್ದೀರಲ್ಲ.”